ತೆಗೆಯದೇ ಉಳಿದ ಅಪೆಂಡಿಕ್ಸ್

“ಪದ್ಮಾಗೆ ಮಾಡಿದ್ದು ಅಪೆಂಡಿಕ್ಸ್ ಆಪರೇಷನ್ ಮೇಡಂ. ಬ್ರಿಸ್ಬೇನ್‌ನಲ್ಲಿದ್ದಾಗ ಆಗಿದ್ದು,” ಎಂದ ಲಿಂಗರಾಜ.

“ಯಾವ ವರ್ಷ?”

“ಎಪ್ಪತ್ತೇಳು. ನಾನು ಆಗ ದೂರದ ಮೌಂಟ್ ಐಸಾದಲ್ಲಿ ಡ್ಯೂಟಿ ಮೇಲಿದ್ದೆ. ನನಗೆ ಫೋನ್ ಬರೋ ಹೊತ್ತಿಗೆ ಎಲ್ಲಾ ಮುಗಿದ್ಹೋಗಿತ್ತು.”

“ಹೊಲಿಗೆ ಗುರುತು ಎಲ್ಲಿತ್ತು, ನೆನಪಿದೆಯಾ?”

ಹೆಂಡತಿಯನ್ನು ಕಳೆದುಕೊಂಡು ಮೂರು ದಿನವೂ ತುಂಬದ ಗಂಡಸಿಗೆ ಕೇಳುವ ಪ್ರಶ್ನೆಯಲ್ಲ ಅದು. ಆದರೂ ಡಾ. ಇಂದಿರಾ ಕೇಳಿದಳು. ಲಿಂಗರಾಜ ತನ್ನ ಶರ್ಟಿನ ಮೇಲೆ, ಕಿಬ್ಬೊಟ್ಟೆಯ ಕೆಳಗೆ, ಬೆರಳಿನಿಂದ ಅಡ್ಡಗೆರೆ ಎಳೆದು ತೋರಿಸಿದ.

“ಅಪೆಂಡಿಕ್ಸ್‌ಗೆ ಅಲ್ಲಿ ಕುಯ್ತಾರಾ? ನೀವೂ ಡಾಕ್ಟರೇ ಅಲ್ವಾ?”

“ನಾನೂ ಕೇಳ್ದೆ. ಹುಡುಗಿ ಸೀರೆ ಉಡೋಳು, ಗುರುತು ಕಾಣಬಾರದು ಅಂತ ಕೆಳಗೆ ಕುಯ್ದಿದ್ದೀನಿ ಅಂದ್ರು, ಆಪರೇಷನ್ ಮಾಡಿದ ರುಕ್ಮಿಣಿ ಆಂಟಿ. ಅಷ್ಟೆಲ್ಲ ಯೋಚನೆ ಮಾಡಿದಾರಲ್ಲ ಅಂತ ನಾನು ಅವರ ಕಾಲಿಗೆ ಬಿದ್ದೆ.”

ಇಂದಿರಾ ಸುತ್ತ ಕಣ್ಣು ಹಾಯಿಸಿದಳು. ಥಾರ್ನ್ಲಿ ಬಡಾವಣೆಯ ಆ ಪುಟ್ಟ ಅಡುಗೆಮನೆಯಲ್ಲಿ ಒಲೆ ಹಚ್ಚಿದ ಕುರುಹಿರಲಿಲ್ಲ. ಕಿಟಕಿಯ ಹೊರಗೆ ನಿಂಬೆಗಿಡದ ಕೆಳಗೆ ಹಣ್ಣು ಉದುರಿ ಬಿದ್ದಿದ್ದವು. ಪದ್ಮಾ ಇದ್ದಿದ್ದರೆ ಅಷ್ಟು ಹೊತ್ತಿಗೆ ಅವೆಲ್ಲ ಉಪ್ಪಿನಕಾಯಿ ಭರಣಿ ಸೇರಿರುತ್ತಿದ್ದವು.

“ಲಿಂಗರಾಜ್,” ಎಂದಳು ಇಂದಿರಾ, “ಪದ್ಮಾ ಅಪೆಂಡಿಕ್ಸ್ ಅವಳ ಹೊಟ್ಟೆಯಲ್ಲೇ ಇದೆ. ಅದನ್ನ ಯಾರೂ ಮುಟ್ಟಿಲ್ಲ.”

ಅವನು ಅವಳನ್ನೇ ನೋಡಿದ. ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳಲು ಮನಸ್ಸಿರಲಿಲ್ಲವೋ.

ಭಾನುವಾರ ಸಂಜೆ ಇದೇ ಮನೆಯ ಹಜಾರದಲ್ಲಿ ಕುಸಿದು ಸತ್ತ ಪದ್ಮಾಳ ಹೊಟ್ಟೆ ತುಂಬ ರಕ್ತವಿತ್ತು. ಗರ್ಭಕೋಶ ತಲುಪದೆ ಬಲಗಡೆಯ ಗರ್ಭನಾಳದಲ್ಲೇ ಬೇರೂರಿದ ಬಸುರು ನಾಳವನ್ನು ಒಡೆದುಕೊಂಡಿತ್ತು. ಶವಪರೀಕ್ಷೆ ಮಾಡಿದವಳು ಇಂದಿರಾಳೇ. ಪರ್ತ್‌ನಲ್ಲಿ ಅನುಮಾನದ ಸಾವುಗಳನ್ನು ವಿಚಾರಿಸುವ ಕರೋನರ್ ಕಚೇರಿಗೆ ಅವಳು ಹನ್ನೊಂದು ವರ್ಷಗಳಿಂದ ಆ ಕೆಲಸ ಮಾಡಿಕೊಡುತ್ತಿದ್ದಳು.

“ಹಾಗಾದ್ರೆ ಅಲ್ಲಿ ಕುಯ್ದು ಏನು ತೆಗೆದ್ರು?” ಲಿಂಗರಾಜನ ದನಿ ಒಡೆಯಿತು.

“ಎಡಗಡೆ ಟ್ಯೂಬು. ಗರ್ಭಕೋಶದ ಹತ್ತಿರ ಮೊಟಕು ಮಾಡಿ ದಾರ ಕಟ್ಟಿದ್ದಾರೆ. ಅಚ್ಚುಕಟ್ಟಾದ ಕೆಲಸ. ಕಲಿತ ಕೈಯದು.”

ಬಾಗಿಲಿಗೆ ಒರಗಿ ನಿಂತಿದ್ದ ಸಾರ್ಜೆಂಟ್ ಡಗ್ ಹ್ಯಾನ್ಲಿಗೆ ಕನ್ನಡ ಬಾರದು. ಆದರೆ ಮುಖ ಓದುವುದು ಬರುತ್ತಿತ್ತು. ಅವನು ಹ್ಯಾಟನ್ನು ಕೈಯಿಂದ ಕೈಗೆ ಬದಲಿಸಿದ. ಪದ್ಮಾಳ ತೋಳಿನ ಮೇಲಿದ್ದ ಸೂಜಿ ಗುರುತು ನೋಡಿ ಮೊದಲು ಗಂಡನ ಮೇಲೆ ಕಣ್ಣಿಟ್ಟವನು ಅವನೇ. ಲಿಂಗರಾಜ ಅರಿವಳಿಕೆ ಡಾಕ್ಟರು. ಔಷಧಿಗಳು ಕೈಗೆಟುಕುವ ಮನುಷ್ಯ. ಆದರೆ ಆ ಗುರುತುಗಳು, ಡ್ಯೂಟಿಯಿಂದ ಬಂದ ಗಂಡ ಆಂಬುಲೆನ್ಸ್ ಬರುವವರೆಗೆ ಬತ್ತಿದ ನರ ಹುಡುಕುತ್ತ ಡ್ರಿಪ್ ಹಾಕಲು ಪಟ್ಟ ಪಾಡಿನವು. ರಕ್ತದಲ್ಲಿ ಯಾವ ಔಷಧಿಯೂ ಸಿಕ್ಕಿಲ್ಲವೆಂದು ಆ ಬೆಳಿಗ್ಗೆಯೇ ಲ್ಯಾಬಿನವರು ತಿಳಿಸಿದ್ದರು.

“ಇನ್ನೊಂದು ಕೇಳ್ಬೇಕು,” ಎಂದಳು ಇಂದಿರಾ. “ಅವಳು ಯಾವಾಗ್ಲಾದ್ರೂ ಲೂಪ್ ಹಾಕಿಸಿಕೊಂಡಿದ್ಲಾ?”

ಲಿಂಗರಾಜ ತಲೆ ತಗ್ಗಿಸಿದ. “ಹೂಂ. ಬ್ರಿಸ್ಬೇನ್‌ಗೆ ಬಂದ ಹೊಸತರಲ್ಲಿ. ನಾನೂ ಪರೀಕ್ಷೆಗೆ ಓದ್ತಿದ್ದೆ, ಅವಳೂ ಫಾರ್ಮಸಿ ಓದ್ಬೇಕು ಅಂತಿದ್ಲು. ಈಗಲೇ ಮಗು ಬೇಡ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ವಿ. ಆಂಟೀನೇ ಹಾಕಿದ್ದು. ಆಮೇಲೆ ಜ್ವರ, ಕಿಬ್ಬೊಟ್ಟೆ ನೋವು ಅಂತ ತಿಂಗಳುಗಟ್ಟಲೆ ನರಳಿದ್ಲು. ಮಾತ್ರೆ ಕೊಡ್ತಿದ್ರು. ಕೊನೆಗೆ ತೆಗೆದ್ರು.”

ಅಲ್ಲಿಗೆ ಇನ್ನೊಂದು ಗಂಟು ಬಿಚ್ಚಿತು. ಸೋಮವಾರ ಇಂದಿರಾ ಕಂಡಿದ್ದ ಬಲಗಡೆಯ ನಾಳವೂ ಆರೋಗ್ಯವಾಗಿರಲಿಲ್ಲ. ಹಳೆಯ ಸೋಂಕು ವಾಸಿಯಾಗಿ ಬಿಟ್ಟುಹೋದ ಎಳೆಗಳು ಜೇಡರ ಬಲೆಯಂತೆ ಅದನ್ನು ಸುತ್ತಿಕೊಂಡಿದ್ದವು. ಅಂಥ ನಾಳ ಒಳಗೆ ಕಿರಿದಾಗಿರುತ್ತದೆ. ಬೀಜ ದಾಟಿ ಹೋಗಲಾರದೆ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕ ಕಡೆಯೇ ಬೆಳೆಯತೊಡಗುತ್ತದೆ.

“ಭಾನುವಾರ ಅವಳ ಬೆನ್ನಿಗೆ ಮುಲಾಮು ಹಚ್ಚಿದ್ದು ನೀವಾ?”

“ಮುಲಾಮಾ? ಇಲ್ಲ ಮೇಡಂ. ನಾನು ಮಧ್ಯಾಹ್ನದ ಶಿಫ್ಟಿಗೆ ಹೊರಟಾಗ ಸ್ವಲ್ಪ ಹೊಟ್ಟೆನೋವು ಅಂದ್ಲು ಅಷ್ಟೇ. ನಡ್ಕೊಂಡು ಬಾಗಿಲವರೆಗೂ ಬಂದ್ಲು.”

ಇಂದಿರಾಳಿಗೆ ಸೋಮವಾರದ ಆ ವಾಸನೆ ನೆನಪಾಯಿತು. ಶವಾಗಾರದ ಔಷಧಿ ವಾಸನೆಯ ನಡುವೆ ಪದ್ಮಾಳನ್ನು ಮಗ್ಗುಲಾಗಿಸಿದಾಗ ಕರ್ಪೂರ, ಪುದೀನ ಬೆರೆತ ಮುಲಾಮಿನ ಘಾಟು ಮೂಗಿಗೆ ಬಡಿದಿತ್ತು. ಊರಿನ ಮನೆಗಳಲ್ಲಿ ತಲೆನೋವಿಗೆ ಹಚ್ಚುವ ಹಳದಿ ಮುಲಾಮು. ಅದು ಹರಡಿದ್ದದ್ದು ಎರಡು ಹೆಗಲೆಲುಬುಗಳ ನಡುವೆ, ತನ್ನ ಕೈ ತನಗೆ ಎಟುಕದ ಜಾಗದಲ್ಲಿ. ಚೆನ್ನಾಗಿ ತಿಕ್ಕಿದ್ದರು. ಪ್ರೀತಿಯಿಂದ ತಿಕ್ಕಿದ್ದರು ಎಂದೇ ಹೇಳಬೇಕು.

“ಸುದ್ದಿ ತಿಳಿದ ಮೇಲೆ ರುಕ್ಮಿಣಿಯವರು ಬಂದಿದ್ರಾ?”

“ಭಾನುವಾರ ರಾತ್ರಿನೇ ಬಂದ್ರು. ನನ್ನ ತಬ್ಬಿಕೊಂಡು ಅತ್ರು. ನನಗೊಂದು ಫೋನ್ ಮಾಡಿದ್ರೆ ಓಡಿ ಬರ್ತಿದ್ನಲ್ಲೋ, ಯಾಕೆ ಮಾಡ್ಲಿಲ್ಲ ನಿನ್ನ ಹೆಂಡ್ತಿ ಅಂದ್ರು.” ಲಿಂಗರಾಜ ಮುಖ ಮುಚ್ಚಿಕೊಂಡ. “ಮೇಡಂ, ಅವಳನ್ನ ಯಾವಾಗ ನನಗೆ ಕೊಡ್ತೀರಿ? ಮಣ್ಣು ಮಾಡ್ಬೇಕು. ದಾವಣಗೆರೆಯಿಂದ ಅವರಪ್ಪ ದಿನಾ ಫೋನ್ ಮಾಡಿ ಅದನ್ನೇ ಕೇಳ್ತಿದಾರೆ.”

“ಶುಕ್ರವಾರದೊಳಗೆ ಕೊಡ್ತೀವಿ,” ಎಂದಳು ಇಂದಿರಾ.

ಹೊರಗೆ ಬಂದಾಗ ಡಗ್ ಕಾರಿಗೆ ಆತು ನಿಂತು ಸಿಗರೇಟು ಹಚ್ಚಿದ.

“ಡಾಕ್, ನನ್ನ ಮಟ್ಟಿಗೆ ಇದು ಮುಗಿಯಿತು. ಗಂಡ ನಿರಪರಾಧಿ. ಸಾವು ಸಹಜ. ಮೇಲಿನವರಿಗೂ ಅದನ್ನೇ ಹೇಳ್ತೇನೆ.”

“ಒಂದು ಸಲ ಬಸುರು ಟ್ಯೂಬಿನಲ್ಲಿ ನಿಂತವಳಿಗೆ ಇನ್ನೊಂದು ಸಲ ಹಾಗೇ ಆಗುವ ಅಪಾಯ ಬೇರೆಯವರಿಗಿಂತ ಹತ್ತು ಪಟ್ಟು ಇರುತ್ತೆ, ಡಗ್. ಅದು ಗೊತ್ತಿದ್ದವಳು ಮುಟ್ಟು ತಪ್ಪಿದ ವಾರವೇ ಆಸ್ಪತ್ರೆಗೆ ಹೋಗ್ತಾಳೆ. ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್, ಬದುಕಿಕೊಳ್ತಾಳೆ. ಪದ್ಮಾಗೆ ಅಪೆಂಡಿಕ್ಸ್ ಅಂತ ಹೇಳಿದ್ರು. ಅವಳು ಏಳು ವರ್ಷ ಅದನ್ನೇ ನಂಬಿಕೊಂಡಿದ್ದಳು.”

ಡಗ್ ಹೊಗೆ ಬಿಟ್ಟ. “ಯಾರು ಹೇಳಿದ್ದು?”

ಇಂದಿರಾ ಕಾರಿನ ಬಾಗಿಲಿಗೆ ಕೈಯಿಟ್ಟಳು. ಆ ಹೆಸರು ನಾಲಿಗೆಯ ಮೇಲಿತ್ತು, ಹೊರಗೆ ಬರಲಿಲ್ಲ. ಇಪ್ಪತ್ತು ವರ್ಷ ಗುರು ಎಂದು ಕೈ ಮುಗಿದ ಹೆಸರು ಅದು.

ಅಷ್ಟರಲ್ಲಿ ಪಕ್ಕದ ಮನೆಯ ಹಿತ್ತಲಿನಿಂದ ಮಿಸೆಸ್ ಮೊರೆಲ್ಲಿ ಬೇಲಿಯವರೆಗೆ ಬಂದಳು. ಇಟಲಿಯ ಮುದುಕಿ, ಕಪ್ಪು ಬಟ್ಟೆ, ತೋಳಿನ ಮೇಲೆ ಒಣಗಿದ ಬಟ್ಟೆಯ ರಾಶಿ. ಪದ್ಮಾ ತನಗೆ ನಿಂಬೆಹಣ್ಣು ಕೊಡುತ್ತಿದ್ದಳೆಂದು ಹೇಳಿ ಕಣ್ಣೊರೆಸಿಕೊಂಡಳು.

“ಭಾನುವಾರ ಮಧ್ಯಾಹ್ನ ಇಲ್ಲಿಗೆ ಯಾರಾದರೂ ಬಂದಿದ್ರಾ?” ಡಗ್ ಕೇಳಿದ, ಕೇಳಬೇಕೆಂಬ ಶಾಸ್ತ್ರಕ್ಕೆ.

“ಬಂದಿದ್ರಲ್ಲ. ಬಿಳಿ ವೋಲ್ವೋ ಕಾರು. ಇವರ ಹಾಗೇ ಸೀರೆ,” ಮುದುಕಿ ಇಂದಿರಾಳತ್ತ ಬೆರಳು ಮಾಡಿದಳು. “ಕೂದಲು ಪೂರ್ತಿ ಬೆಳ್ಳಗೆ. ಒಳಗಿದ್ದದ್ದು ಸ್ವಲ್ಪ ಹೊತ್ತು. ಆದರೆ ಹೊರಗೆ ಬಂದವಳು ಕಾರು ಹೊರಡಿಸಲೇ ಇಲ್ಲ. ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡು ಕೂತೇ ಇದ್ದಳು. ಏನೋ ಸಂಕಟ ಪಾಪ, ಹೋಗಿ ವಿಚಾರಿಸೋಣವೇ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಹೊರಟುಹೋದಳು.”

ಡಗ್ ಸಿಗರೇಟನ್ನು ಕಾಲಡಿ ಹೊಸಕಿದ. “ಆ ಕಾರು ಯಾರದು ಅಂತ ನಿಮಗೆ ಗೊತ್ತು, ಅಲ್ಲವೇ ಡಾಕ್?”

“ಕ್ಯಾನಿಂಗ್ ವೇಲ್‌ಗೆ ನಡಿ,” ಎಂದಳು ಇಂದಿರಾ. “ಆದರೆ ಒಳಗೆ ಮೊದಲು ನಾನೊಬ್ಬಳೇ ಹೋಗ್ತೇನೆ.”

*

ಕ್ಯಾನಿಂಗ್ ವೇಲ್‌ನಲ್ಲಿ ಆಗಷ್ಟೇ ಮನೆಗಳೇಳುತ್ತಿದ್ದವು. ಇಟ್ಟಿಗೆ ರಾಶಿ, ಮರಳು, ನಡುವೆ ಹೊಸ ಡಾಂಬರು. ಆ ಬೀದಿಯ ಕೊನೆಯ ಮನೆಯಲ್ಲಿ ಡಾ. ರುಕ್ಮಿಣಿ ಒಬ್ಬರೇ ಇದ್ದರು. ಗಂಡ ತೀರಿಕೊಂಡ ಮೇಲೆ ಬ್ರಿಸ್ಬೇನ್ ಬಿಟ್ಟು ಬಂದು ಇಲ್ಲಿ ನೆಲೆಸಿದ್ದ ಹೆರಿಗೆ ಡಾಕ್ಟರು. ಪರ್ತ್‌ನ ಕನ್ನಡದ ಮನೆಗಳಲ್ಲಿ ಅವರು ಕೈಯಾರೆ ಎತ್ತಿಕೊಳ್ಳದ ಮಗು ಕಡಿಮೆ. ಇಂದಿರಾ ಮೈಸೂರಿನಲ್ಲಿ ಓದುವಾಗ ಅವರೇ ಪಾಠ ಹೇಳಿದ್ದು. ಅವಳನ್ನು ಈ ದೇಶಕ್ಕೆ ಬಾ ಎಂದು ಕರೆದು, ಮೊದಲ ಚಳಿಗಾಲ ಬ್ರಿಸ್ಬೇನ್‌ನ ತಮ್ಮ ಮನೆಯಲ್ಲೇ ಇಟ್ಟುಕೊಂಡದ್ದೂ ಅವರೇ.

“ಬಾ ಇಂದೂ,” ಎಂದರು ರುಕ್ಮಿಣಿ. “ಕೈ ಬಿಡುವಿಲ್ಲ, ನೀನೇ ಕುರ್ಚಿ ಎಳ್ಕೋ.”

ನೆನೆಸಿದ ಹಸಿರು ಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದರು. ಇಲ್ಲಿ ಅವರೆಕಾಯಿ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ದಪ್ಪ ಬೀನ್ಸ್ ಕಾಳಿನಲ್ಲೇ ಹಿತಕಿದ ಬೇಳೆ ಸಾರು ಮಾಡುವುದನ್ನು ಎಲ್ಲರಿಗೂ ಕಲಿಸಿದವರು ಅವರು.

“ಲಿಂಗರಾಜಂಗೆ ಒಂದಿಷ್ಟು ಸಾರು, ಮುದ್ದೆ ತಗೊಂಡ್ಹೋಗೋಣ ಅಂತ. ಮೂರು ದಿನದಿಂದ ಬರೀ ಕಾಫಿಯಲ್ಲಿದ್ದಾನಂತೆ.”

“ಭಾನುವಾರ ಮಧ್ಯಾಹ್ನ ಪದ್ಮಾ ಮನೆಗೆ ಹೋಗಿದ್ರಾ ಮೇಡಂ?”

ಬೆರಳು ನಿಲ್ಲಲಿಲ್ಲ. “ಇಲ್ವಲ್ಲ.”

“ಪಕ್ಕದ ಮನೆಯವರು ನೋಡಿದ್ದಾರೆ.”

“ಇವರ ಕಣ್ಣಿಗೆ ಸೀರೆ ಉಟ್ಟವರೆಲ್ಲ ಒಂದೇ ಥರ ಕಾಣ್ತೀವಿ.”

“ಅವಳ ಬೆನ್ನಿಗೆ ಮುಲಾಮು ತಿಕ್ಕಿದೋರು ನೀವು.”

ಬೆರಳು ನಿಂತಿತು. ಒಂದು ಕಾಳು ಸಿಪ್ಪೆಯಿಂದ ಜಾರಿ ನೆಲಕ್ಕೆ ಬಿತ್ತು. ರುಕ್ಮಿಣಿ ಅದನ್ನು ಎತ್ತಿಕೊಳ್ಳಲಿಲ್ಲ.

“ಹೆಗಲು ನೋವು ಅಂದ್ಲಾ?” ಇಂದಿರಾ ಮೆಲ್ಲಗೆ ಕೇಳಿದಳು. “ಮಲಗಿದ್ರೆ ಜಾಸ್ತಿ ಆಗುತ್ತೆ ಅಂದ್ಲಾ?”

ರುಕ್ಮಿಣಿ ಸಿಪ್ಪೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದರು.

“ಮೇಡಂ, ನಮ್ಮನ್ನ ವಾರ್ಡಿನಲ್ಲಿ ಸುತ್ತ ನಿಲ್ಲಿಸ್ಕೊಂಡು ನೀವೇ ಹೇಳಿದ್ದು. ಹೆರೋ ವಯಸ್ಸಿನ ಹೆಂಗಸು ತಲೆ ಸುತ್ತಿ ಬಿದ್ಲು ಅಂದ್ರೆ, ಹೊಟ್ಟೆ ಜೊತೆ ಹೆಗಲೂ ನೋಯುತ್ತೆ ಅಂದ್ರೆ, ಗ್ಯಾಸು, ಪಿತ್ತ ಅಂತ ಕೂತ್ಕೋಬೇಡಿ. ಒಳಗೆ ಸುರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ಹೋಗಿ ತಾಗ್ತಿರುತ್ತೆ, ನೋವು ಹೆಗಲಲ್ಲಿ ಕಾಣುತ್ತೆ. ಟ್ಯೂಬು ಒಡೆದಿದೆ ಅಂತ್ಲೇ ಓಡಿ. ಹೀಗೆ ಹೇಳಿದ ನೀವು, ಭಾನುವಾರ ಹೆಗಲಿಗೆ ಮುಲಾಮು ಹಚ್ಚಿ ಬಂದ್ರಿ.”

ರುಕ್ಮಿಣಿ ಎದ್ದು ಕೈ ತೊಳೆದರು. ತುಂಬ ಹೊತ್ತು ತೊಳೆದರು, ಆಪರೇಷನ್ನಿಗೆ ಮೊದಲು ತೊಳೆಯುವ ಹಾಗೆ. ತಿರುಗಿದಾಗ ಮುಖ ವಯಸ್ಸಿಗಿಂತ ಮುದಿಯಾಗಿತ್ತು.

“ಅವಳೇ ಫೋನ್ ಮಾಡಿ ಕರೆದಿದ್ಲು. ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಯ್ತು ಇಂದೂ. ಬಿಳಿಚಿಕೊಂಡಿದ್ಲು. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ರಕ್ತವೇ ಇಲ್ಲ. ಹಾಗಿದ್ರೂ, ಬನ್ನಿ ಆಂಟಿ, ಕಾಫಿ ಮಾಡ್ಕೊಡ್ಲಾ ಅಂದ್ಲು.”

“ಆಂಬುಲೆನ್ಸ್?”

“ಫೋನ್ ಕೈಗೆ ತಗೊಂಡೆ. ತಗೊಂಡು ಇಟ್ಟೆ.”

“ಯಾಕೆ?”

“ಹೊಟ್ಟೆ ತೆರೀತಾರೆ. ಎಡಗಡೆ ಟ್ಯೂಬಿಲ್ಲ ಅನ್ನೋದು ಕಾಣುತ್ತೆ. ಯಾರು ತೆಗೆದ್ರು, ಯಾಕೆ ತೆಗೆದ್ರು ಅಂತ ಕೇಳ್ತಾರೆ. ಅವಳು ಅಪೆಂಡಿಕ್ಸ್ ಅಂತಾಳೆ.” ರುಕ್ಮಿಣಿ ಮೇಜಿನ ಅಂಚು ಹಿಡಿದುಕೊಂಡರು. “ಒಮ್ಮೊಮ್ಮೆ ರಕ್ತ ತಾನಾಗೇ ನಿಲ್ಲುತ್ತೆ. ನೀನೂ ನೋಡಿದ್ದೀಯ. ನಿಂತೀತು, ಸಂಜೆ ಲಿಂಗರಾಜ ಬಂದ ಮೇಲೆ ನೋಡೋಣ ಅಂತ ನನಗೆ ನಾನೇ ಹೇಳ್ಕೊಂಡೆ. ಮಲಕ್ಕೋ ಮಗಳೇ, ಗ್ಯಾಸು ಅಂದೆ. ಸರಿ ಆಂಟಿ ಅಂದ್ಲು.”

ಇಂದಿರಾ ಕುರ್ಚಿ ಎಳೆದುಕೊಂಡು ಕೂತಳು. ಕೋಪ ಬರಬೇಕಾದ ಕಡೆ ಬಂದದ್ದು ಬೇರೇನೋ. ಎದುರಿಗಿದ್ದವರು ಇನ್ನೂ ಸುಳ್ಳೇ ಹೇಳುತ್ತಿದ್ದರೆ ಸುಲಭವಿತ್ತು.

“ಬ್ರಿಸ್ಬೇನ್‌ನಲ್ಲಿ ಏನಾಯ್ತು ಹೇಳಿ.”

“ಏನು ಹೇಳ್ಲಿ? ನನ್ನ ಡಿಗ್ರಿ ಲೆಕ್ಕಕ್ಕಿಲ್ಲ ಅಂತ ಎಷ್ಟು ವರ್ಷ ಅಲೆದಾಡಿಸಿದ್ರು, ನಿನಗೆ ಗೊತ್ತು. ಪ್ರೊಫೆಸರ್ ಆಗಿದ್ದವಳು ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ತಲೆ ತಗ್ಗಿಸಿ ಕೆಲಸ ಮಾಡ್ದೆ. ಆಮೇಲೆ ರಿಜಿಸ್ಟ್ರೇಷನ್ ಸಿಕ್ತು. ಅದೇ ಸಮಯಕ್ಕೆ ಊರಿಂದ ಬಂದ ಹುಡುಗೀರು, ಆಂಟಿ ಓದ್ಬೇಕು, ವಂಕಿ ಹಾಕಿ ಅಂತ ಬರೋರು. ಹಾಕ್ದೆ. ಪದ್ಮಾಗೆ ಜ್ವರ ಬಂತು. ಬಿಳಿಸೆರಗು. ಆಗಲೇ ತೆಗೆದು ಆಸ್ಪತ್ರೆಗೆ ಸೇರಿಸಿ ಸರಿಯಾಗಿ ಔಷಧಿ ಕೊಡಬೇಕಿತ್ತು. ಕೊಟ್ಟಿದ್ರೆ ಯಾರು ಹಾಕಿದ್ದು ಅನ್ನೋ ಮಾತು ಬಂದು, ಸಿಕ್ಕ ರಿಜಿಸ್ಟ್ರೇಷನ್ ಹೋಗ್ತಿತ್ತು. ಮಾತ್ರೆ ಕೊಟ್ಟು ಕೊಟ್ಟು ದಿನ ತಳ್ಳಿದೆ. ಸೋಂಕು ಎರಡೂ ಟ್ಯೂಬಿಗೆ ಹತ್ತಿಬಿಡ್ತು.”

“ಮುಂದಿನ ವರ್ಷ ಬಸುರಾದ್ಲು. ಎಡಗಡೆ ಟ್ಯೂಬಲ್ಲಿ.”

“ಹೂಂ. ನಾನೇ ಆಪರೇಷನ್ ಮಾಡಿ ಉಳಿಸ್ಕೊಂಡೆ. ಆವತ್ತು ಉಳಿಸಿದ್ದೂ ನಾನೇ ಇಂದೂ.” ಆ ಮಾತಿನಲ್ಲಿ ಬೇಡಿಕೆಯಿತ್ತು. “ಎಚ್ಚರವಾದ ಮೇಲೆ ಏನಾಗಿತ್ತು ಆಂಟಿ ಅಂದ್ಲು. ಒಂದು ಟ್ಯೂಬು ಹೋಗಿದೆ ಅಂದಿದ್ರೆ ಅವರತ್ತೆ ಸುಮ್ನಿರ್ತಿದ್ರಾ? ಬಂಜೆ ಅಂತಿದ್ರು. ಲಿಂಗರಾಜನಿಗೆ ಇನ್ನೊಂದು ಹೆಣ್ಣು ಹುಡುಕ್ತಿದ್ರು. ಆ ಹುಡುಗಿ ಬಾಳು ಹಾಳಾಗಬಾರದು ಅಂತ...”

“ಯಾರ ಬಾಳು ಮೇಡಂ?”

ರುಕ್ಮಿಣಿ ಕುರ್ಚಿಯಲ್ಲಿ ಕುಸಿದರು.

“ನೀವು ಅವಳಿಗೆ ಹೇಳಬೇಕಾಗಿದ್ದದ್ದು ಒಂದೇ ಮಾತು,” ಎಂದಳು ಇಂದಿರಾ. “ಮುಟ್ಟು ತಪ್ಪಿದ್ರೆ ತಡ ಮಾಡಬೇಡ ಅನ್ನೋ ಒಂದು ಮಾತು. ಅತ್ತೆಗೆ ಹೇಳದೇ ಇರಬಹುದಿತ್ತು. ಗಂಡನಿಗೂ ಹೇಳದೇ ಇರಬಹುದಿತ್ತು. ಅವಳ ಮೈ ಅವಳದು, ಅವಳಿಗೆ ಹೇಳಬೇಕಿತ್ತು.”

ಹೊರಗೆ ಎಲ್ಲೋ ಕಾಂಕ್ರೀಟ್ ಕಲಸುವ ಯಂತ್ರ ಗಿರಗಿರನೆ ತಿರುಗುತ್ತಿತ್ತು. ತಾನು ಓದುವಾಗ ಇಂಥ ಒಂದು ಕೇಸು ಬಂದರೆ ಇಡೀ ಕ್ಲಾಸು ನೋಡಲು ಹೋಗುತ್ತಿದ್ದದ್ದು ಇಂದಿರಾಳಿಗೆ ನೆನಪಿತ್ತು. ಈಗ ಹಾಗಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ಎಲ್ಲ ಊರಿನ ಆಸ್ಪತ್ರೆಗಳಲ್ಲೂ ಸಂಖ್ಯೆ ಏರಿದೆ. ನೂರು ಬಸುರಿಗೆ ಒಂದಾದರೂ ಹೀಗೆ ದಾರಿ ತಪ್ಪುತ್ತಿದೆ. ವಾಸಿಯಾಯಿತೆಂದು ಮರೆತ ಸೋಂಕು, ಹಿಂದೆ ಆದ ಆಪರೇಷನ್ನು, ಮಕ್ಕಳಾಗಲೆಂದು ಕೊಡುವ ಚಿಕಿತ್ಸೆ, ಸಿಗರೇಟು. ಕಾರಣ ಒಂದೊಂದು ಮೈಗೆ ಒಂದೊಂದು. ಕೆಲವರಿಗೆ ಯಾವ ಕಾರಣವೂ ಇರುವುದಿಲ್ಲ. ಆದರೆ ಪದ್ಮಾಳ ಕಾರಣ ಇಲ್ಲಿ, ಈ ಮೇಜಿನ ಆಚೆ, ಕೈಕಟ್ಟಿ ಕೂತಿತ್ತು.

ಆಗ ಅವಳಿಗೆ ರುಕ್ಮಿಣಿ ಆಡಿದ್ದ ಒಂದು ಮಾತು ಚುಚ್ಚಿತು. ‘ಹುಡುಗೀರು’ ಎಂದಿದ್ದರು. ‘ಹುಡುಗಿ’ ಅಲ್ಲ.

“ಮೇಡಂ, ಪದ್ಮಾ ಒಬ್ಬಳೇನಾ?”

ರುಕ್ಮಿಣಿ ಕಣ್ಣು ಮುಚ್ಚಿದರು.

“ನನ್ನ ಮುಖ ನೋಡಿ. ಒಬ್ಬಳೇನಾ?”

“ಕಮಲಾ,” ಎಂದರು ರುಕ್ಮಿಣಿ, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ. “ಪದ್ಮಾ ಜೊತೇಲೇ ಇದ್ಲಲ್ಲ, ಅವಳ ಗೆಳತಿ. ಇಬ್ಬರಿಗೂ ಒಂದೇ ವಾರ ಹಾಕಿದ್ದು. ಅವಳಿಗೂ ಹಾಗೇ ಆಯ್ತು. ನೀರುಗಂಟು ತೆಗೆದೆ ಅಂತ ಹೇಳಿದೀನಿ.”

“ಎಲ್ಲಿದ್ದಾಳೆ ಈಗ?”

“ಅಡಿಲೇಡ್. ಕಿಲ್ಬರ್ನ್. ಗಂಡ ನಾಗೇಂದ್ರ, ಕಣ್ಣಿನ ಡಾಕ್ಟರು.”

ಇಂದಿರಾ ಹಜಾರದ ಫೋನಿನ ಹತ್ತಿರ ಹೋಗಿಯಾಗಿತ್ತು. “ನಂಬರ್ ಹೇಳಿ.”

ರುಕ್ಮಿಣಿ ನೋಡದೆಯೇ ಹೇಳಿದರು. ಬಾಯಿಪಾಠವಾಗಿತ್ತು. ಎಷ್ಟು ಸಲ ಫೋನ್ ಎತ್ತಿ ಇಟ್ಟಿದ್ದರೋ.

*

ಆ ಕಡೆ ಫೋನ್ ಎತ್ತಿದವನು ನಾಗೇಂದ್ರನೇ. ಬುಧವಾರ ಅವನಿಗೆ ಕ್ಲಿನಿಕ್ ಇರಲಿಲ್ಲ. ತಾನು ಪರ್ತ್‌ನಿಂದ ಮಾತಾಡುತ್ತಿರುವ ಡಾ. ಇಂದಿರಾ ಎಂದಾಗ ಅವನ ದನಿ ತಗ್ಗಿತು.

“ಪದ್ಮಾ ವಿಷಯ ಲಿಂಗರಾಜ್ ಹೇಳಿದ್ರು ಮೇಡಂ. ನಂಬೋಕೇ ಆಗ್ತಿಲ್ಲ.”

“ಕಮಲಾ ಜೊತೆ ಮಾತಾಡ್ಬೇಕಿತ್ತು.”

“ಅವ್ಳು ಇಲ್ಲ. ಅಲ್ಲಿಗೇ ಬರ್ತಿದ್ದಾಳೆ. ಮಣ್ಣಾಗೋದ್ರೊಳಗೆ ಪದ್ಮಾ ಮುಖ ನೋಡ್ಲೇಬೇಕು ಅಂತ ಹಟ. ವಿಮಾನ ಅಂದ್ರೆ ಅವಳಿಗೆ ಜೀವ ಹೋಗುತ್ತೆ, ಅದಕ್ಕೆ ನಿನ್ನೆ ಸಂಜೆ ಪರ್ತ್ ರೈಲು ಹತ್ತಿಸಿದೆ. ನಾಳೆ ಬೆಳಿಗ್ಗೆ ತಲುಪ್ತಾಳೆ.”

ಇಂದಿರಾ ಗೋಡೆಗೆ ಕೈ ಕೊಟ್ಟಳು. ಅಡಿಲೇಡ್‌ಗೂ ಪರ್ತ್‌ಗೂ ನಡುವೆ ಎರಡು ರಾತ್ರಿಯ ದಾರಿ. ಆ ದಾರಿಯ ಬಹುಪಾಲು ನಲ್ಲಾರ್ಬರ್ ಬಯಲು. ಮರವಿಲ್ಲ, ಊರಿಲ್ಲ, ಹಳಿಯೊಂದೇ.

“ನಾಗೇಂದ್ರ, ಬೇಜಾರು ಮಾಡ್ಕೋಬೇಡಿ, ಡಾಕ್ಟರಾಗಿ ಕೇಳ್ತಿದ್ದೀನಿ. ಅವಳ ಮುಟ್ಟು ಸರಿಯಾಗಿ ಆಗ್ತಿದೆಯಾ?”

ನಾಗೇಂದ್ರ ಗಂಟಲು ಸರಿಪಡಿಸಿಕೊಂಡ. ಆಮೇಲೆ, ದುಃಖದ ಮನೆಗೆ ಹೇಳುತ್ತಿದ್ದೇನೆಂಬ ಸಂಕೋಚದ ನಡುವೆಯೂ ತಡೆಯಲಾಗದ ಸಂತೋಷ.

“ಯಾರಿಗೂ ಹೇಳಿಲ್ಲ ಮೇಡಂ. ಆರು ವರ್ಷ ಕಾದಿದ್ದಕ್ಕೆ ಈಗ... ಆರೇಳು ವಾರ ಆಗಿರಬಹುದು. ಪದ್ಮಾಗೇ ಮೊದಲು ಹೇಳ್ಬೇಕು ಅಂತಿದ್ಲು.”

“ನೋವೇನಾದ್ರೂ?”

“ಸ್ವಲ್ಪ ಕಿಬ್ಬೊಟ್ಟೆ ಹಿಡಿದ ಹಾಗಾಗುತ್ತೆ ಅಂದ್ಲು. ಒಂಚೂರು ಕೆಂಪು ಕಾಣಿಸ್ತಂತೆ. ಮೊದಮೊದಲು ಹಾಗಾಗೋದು ಇದ್ದಿದ್ದೇ ಅಲ್ವಾ? ಮೇಡಂ? ಯಾಕೆ ಕೇಳ್ತಿದ್ದೀರಿ?”

ಏನು ಹೇಳಬೇಕು ಅವನಿಗೆ? ಇಂದಿರಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುತ್ತಿ ಬಳಸಿ ಹೇಳುವಷ್ಟು ಹೊತ್ತಿರಲಿಲ್ಲ. ಆ ಕಡೆಯಿಂದ ಬಂದ ಸದ್ದು ಮಾತಾಗಿರಲಿಲ್ಲ.

ಫೋನಿಟ್ಟು ಬಾಗಿಲು ತೆರೆದು ಡಗ್‌ನನ್ನು ಕೂಗಿದಳು. ದೊಡ್ಡ ಮೈಯ ಆ ಮನುಷ್ಯ ಮೂರು ಮಾತಿನಲ್ಲಿ ವಿಷಯ ಹಿಡಿದ. ರೈಲ್ವೆ ಕಂಟ್ರೋಲಿಗೆ ಫೋನ್ ಹಚ್ಚಿದ. ಪೊಲೀಸಿನವನ ದನಿಗೆ ಆ ಕಡೆಯವರು ಬೇಗ ಎಚ್ಚೆತ್ತರು. ರೈಲಿನ ಗಾರ್ಡ್ ಜೊತೆ ರೇಡಿಯೋದಲ್ಲಿ ಮಾತಾಡುತ್ತೇವೆ, ಲೈನಿನಲ್ಲೇ ಇರಿ ಎಂದರು.

ರುಕ್ಮಿಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು. ಅವರನ್ನು ಯಾರೂ ಕೂರಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ.

“ಬಂತು,” ಎಂದ ಡಗ್. ಕಿವಿಗೆ ಫೋನು ಒತ್ತಿಕೊಂಡು ಕೇಳಿದ್ದನ್ನು ಕೇಳಿದ ಹಾಗೆ ಹೇಳತೊಡಗಿದ. “ಕಮಲಾ ರೈಲಿನಲ್ಲಿದ್ದಾಳೆ. ಊಟದ ಬೋಗಿಯಲ್ಲಿ ತಲೆ ಸುತ್ತಿ ಬಿದ್ದಳಂತೆ.”

“ಯಾವಾಗ?”

“ಮಧ್ಯಾಹ್ನದ ಊಟಕ್ಕೆ ಕೂತಾಗ. ಪ್ರಯಾಣಿಕರಲ್ಲಿ ಒಬ್ಬ ಡಾಕ್ಟರ್ ಇದ್ದಾನೆ, ನಿವೃತ್ತ. ನೋಡಿದನಂತೆ. ರೈಲಿನ ಕುಲುಕಾಟಕ್ಕೆ ಹೀಗಾಗಿದೆ, ಮಲಗಿದರೆ ಸರಿಹೋಗುತ್ತೆ ಅಂತ ನಿದ್ದೆ ಮಾತ್ರೆ ಕೊಟ್ಟಿದ್ದಾನೆ.”

“ಕುಕ್ ಸ್ಟೇಷನ್ನಿನಲ್ಲಿ ಇಳಿಸೋಕೆ ಹೇಳು ಡಗ್. ಅಲ್ಲೊಂದು ಸಣ್ಣ ಆಸ್ಪತ್ರೆ ಇದೆ.”

ಡಗ್ ಕೇಳಿದ. ತಲೆ ಅಲ್ಲಾಡಿಸಿದ. “ಕುಕ್ ದಾಟಿ ಆಯಿತು.”

“ಮುಂದೆ?”

“ಫಾರೆಸ್ಟ್ ಅಂತ ಒಂದು ಸ್ಟೇಷನ್. ನಾಲ್ಕು ಮನೆ, ಒಂದು ವಿಮಾನದ ಪಟ್ಟಿ.”

“ಅಲ್ಲಿ ನಿಲ್ಲಿಸಲಿ. ಕಾಲ್ಗೂರ್ಲಿಯಿಂದ ಫ್ಲೈಯಿಂಗ್ ಡಾಕ್ಟರ್ ವಿಮಾನ ಹೊರಡಿಸಲಿ. ರಕ್ತ ಬೇಕು, ಇರುವಷ್ಟೂ ಬಾಟಲಿ ತರಲಿ. ಆ ಡಾಕ್ಟರನ್ನು ಕರೆತಂದು ಅವಳ ಹತ್ತಿರ ಕೂರಿಸಲಿ. ಕಾಲು ಎತ್ತರದಲ್ಲಿಡಲಿ, ನಾಡಿ ನೋಡ್ತಾ ಇರಲಿ.” ಇಂದಿರಾ ಬೆರಳು ಮಡಚುತ್ತ ಹೇಳಿದಳು. “ಮೊದಲು ಅವಳನ್ನು ಎಬ್ಬಿಸಲಿ.”

ಡಗ್ ಒಂದೊಂದನ್ನೂ ಹೇಳಿದ. ಆಮೇಲೆ ಕಾದ. ಫೋನಿನೊಳಗೆ ದೂರದ ರೇಡಿಯೋದ ಗೊರಗೊರ ಹಜಾರಕ್ಕೂ ಕೇಳುತ್ತಿತ್ತು.

“ಗಾರ್ಡ್ ಅವಳ ಕ್ಯಾಬಿನ್ ಮುಂದೆ ನಿಂತಿದ್ದಾನಂತೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ.”

“ಒಡೆಯಲಿ.”

“ಮೊದಲು ತಟ್ಟುತ್ತಿದ್ದಾನೆ,” ಎಂದ ಡಗ್.

ಹೆಂಗಸರಿಬ್ಬರೂ ಡಗ್‌ನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತರು. ರುಕ್ಮಿಣಿಯ ತುಟಿ ಅಲುಗುತ್ತಿತ್ತು, ಮಾತು ಕೇಳಿಸಲಿಲ್ಲ.

“ಏನಂತಾನೆ ಡಗ್?”

ಡಗ್ ಫೋನನ್ನು ಇನ್ನಷ್ಟು ಬಿಗಿಯಾಗಿ ಕಿವಿಗೆ ಒತ್ತಿಕೊಂಡ. ಆಮೇಲೆ, ಇಂದಿರಾಳ ಕಣ್ಣು ತಪ್ಪಿಸಿ ಹೇಳಿದ.

“ಇನ್ನೂ ತಟ್ಟುತ್ತಿದ್ದಾನೆ.”